ಅಂಜಿಕೆಯೂ ಆನಂದವೂ

ಹೆದರಿಸುವ ಆಟವನ್ನು ಜನರು ಹಣ ಕೊಟ್ಟು ನೋಡುವುದೇಕೆ?

ಪೆಟ್ಟಿಗೆಯಲ್ಲಿ ಮಲಗಿದ ಹೆಣ್ಣನ್ನು ಗರಗಸದಿಂದ ಕೊಯ್ಯುವ ಜಾದೂವನ್ನು 1921ರಲ್ಲಿ ಲಂಡನ್ನಿನ ರಂಗಮಂದಿರದಲ್ಲಿ ಪಿ.ಟಿ. ಸೆಲ್ಬಿಟ್ ಪ್ರದರ್ಶಿಸಿದರು. 1956ರ ಏಪ್ರಿಲ್ 9ರಂದು ನಮ್ಮ ದೇಶದ ಪಿ.ಸಿ. ಸರ್ಕಾರ್ ಅದೇ ಬಗೆಯ ಜಾದೂವನ್ನು ಬಿಬಿಸಿ ದೂರದರ್ಶನದಲ್ಲಿ ತೋರಿಸಿದರು. ಯುವತಿ ಎದ್ದು ನಿಲ್ಲುವ ಮೊದಲೇ ಕಾರ್ಯಕ್ರಮ ಮುಗಿಯಿತು. ಗಾಬರಿಗೊಂಡ ವೀಕ್ಷಕರಿಂದ ದೂರವಾಣಿ ಕರೆಗಳ ಸುರಿಮಳೆಯಾಯಿತು. ಆಕೆ ಕ್ಷೇಮವಾಗಿಯೇ ಇದ್ದಳು. ಅದನ್ನು ಕಣ್ಣಾರೆ ಕಾಣುವ ಸಮಾಧಾನ ಮಾತ್ರ ಅವರಿಗೆ ದೊರೆಯಲಿಲ್ಲ.

ನಮ್ಮ ಕರಾವಳಿಯ ಯಕ್ಷಗಾನ ಆ ಸಮಾಧಾನವನ್ನು ತಪ್ಪಿಸುವುದಿಲ್ಲ. ‘ದೇವಿ ಮಹಾತ್ಮೆ’ಯಲ್ಲಿ ಮಹಿಷಾಸುರನು ದೊಂದಿಗಳ ಬೆಳಕಿನಲ್ಲಿ, ಸಭಿಕರ ನಡುವಿನಿಂದಲೇ ಅಬ್ಬರಿಸುತ್ತ ಬರುತ್ತಾನೆ. ಮಕ್ಕಳು ತಾಯಿಯ ಸೆರಗು ಹಿಡಿಯುತ್ತಾರೆ. ಆದರೆ ದೇವಿಯಿಂದ ಅವನ ವಧೆ ನಿಶ್ಚಿತವೆಂದು ಎಲ್ಲರೂ ಬಲ್ಲರು. ಆ ಭರವಸೆಯೇ ಅಂಜಿಕೆಯನ್ನು ಆನಂದವಾಗಿಸುತ್ತದೆ.

ಮಾಟ ತೆಗೆಯುವೆನೆಂದು ಹೆದರಿಸಿ ಹಣ ಕೀಳುವವನೂ ಕೈಚಳಕವನ್ನೇ ಬಳಸುತ್ತಾನೆ. ಆದರೆ ಅವನ ಆಟಕ್ಕೆ ಮಂಗಳವೇ ಇಲ್ಲ. ಕರ್ನಾಟಕದಲ್ಲಿ ಇಂಥವರನ್ನು ತಡೆಯಲು 2017ರಲ್ಲಿ ರೂಪುಗೊಂಡ ಕಾಯ್ದೆ 2020ರಲ್ಲಿ ಜಾರಿಗೆ ಬಂದಿತು.

ಎಸ್.ಎಸ್. ಬಡಾವಣೆಯ ನಮ್ಮ ಮೊಮ್ಮಕ್ಕಳು ಜಾದೂ ನೋಡಿ ಧಾರಾಳವಾಗಿ ಹೆದರಲಿ. ನಗುತ್ತ ಮನೆಗೆ ಕಳುಹಿಸುವ ಭಯ ಯಾವುದು, ಮನೆಯನ್ನೇ ಕಸಿಯುವ ಭಯ ಯಾವುದು ಎಂಬುದನ್ನು ಹಿರಿಯರಾದ ನಾವು ಅವರಿಗೆ ತಿಳಿಸೋಣ.