ಬೆಂಗಳೂರಿನ ಹೆಸರು ಸಿಕ್ಕಿದ್ದು ಬೇಗೂರಿನ ಗುಡಿಯಲ್ಲಿ

ಬೆಂಗಳೂರಿಗೆ ಆ ಹೆಸರು ಹೇಗೆ ಬಂತು ಎಂದು ಯಾರನ್ನಾದರೂ ಕೇಳಿ. ಬೇಟೆಗೆ ಹೋಗಿ ದಾರಿ ತಪ್ಪಿದ ಹೊಯ್ಸಳರ ವೀರಬಲ್ಲಾಳ, ಗುಡಿಸಲಿನ ಅಜ್ಜಿ, ಅವಳು ಕೊಟ್ಟ ಬೆಂದ ಕಾಳು. ಬೆಂದಕಾಳೂರು ಬೆಂಗಳೂರಾಯಿತು. ನಾವೂ ಶಾಲೆಯಲ್ಲಿ ಇದನ್ನೇ ಕೇಳಿ ಬೆಳೆದವರು. ಕಥೆ ಚೆನ್ನಾಗಿದೆ, ಲೆಕ್ಕ ಮಾತ್ರ ಕೂಡುವುದಿಲ್ಲ. ವೀರಬಲ್ಲಾಳ ಪಟ್ಟಕ್ಕೆ ಬಂದದ್ದು 1173ರಲ್ಲಿ. ಅದಕ್ಕೂ ಸುಮಾರು 280 ವರ್ಷ ಮೊದಲೇ ಕಲ್ಲೊಂದರ ಮೇಲೆ ‘ಬೆಂಗಳೂರು’ ಎಂದು ಕೆತ್ತಿಯಾಗಿತ್ತು. ಆ ಕಲ್ಲು ಸಿಕ್ಕಿದ್ದು ಬೇಗೂರಿನ ಈಶ್ವರ ದೇವಸ್ಥಾನದಲ್ಲಿ.

ಹೊಸೂರು ರಸ್ತೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಕಡೆಗೆ ಹೋಗುವಾಗ ಬೊಮ್ಮನಹಳ್ಳಿಯಲ್ಲಿ ಬಲಕ್ಕೆ ತಿರುಗಿದರೆ ಬೇಗೂರು ರಸ್ತೆ. ಎರಡೂ ಕಡೆ ಪಿಜಿ, ಬೇಕರಿ, ಅಪಾರ್ಟ್‌ಮೆಂಟು. 2007ರಲ್ಲಿ ಬಿಬಿಎಂಪಿ ಆದಾಗ ಈ ಊರೂ ನಗರದೊಳಗೆ ಸೇರಿತು. ಆದರೂ ಕೆರೆ ಇದೆ, ಹಳೇ ಮಣ್ಣಿನ ಕೋಟೆಯ ಗುರುತಿದೆ, ಪಂಚಲಿಂಗೇಶ್ವರನ ಗುಡಿ ಇದೆ. ಈ ಮೂರನ್ನೂ ಒಟ್ಟಿಗೆ ನೋಡಿದರೆ ಇದು ಒಂದು ಕಾಲದಲ್ಲಿ ದೊಡ್ಡ ಊರಾಗಿತ್ತು ಎಂದು ಗೊತ್ತಾಗುತ್ತದೆ.

ಒಂದೇ ಆವರಣದಲ್ಲಿ ಐದು ಲಿಂಗಗಳು. ನಾಗೇಶ್ವರ ಮತ್ತು ನಗರೇಶ್ವರ ಗುಡಿಗಳು ಗಂಗರ ಕಾಲದವು, ಅಂದರೆ ಸಾವಿರ ವರ್ಷ ದಾಟಿದವು. 1004ರ ಹೊತ್ತಿಗೆ ಚೋಳರು ತಲಕಾಡು ಹಿಡಿದು ಗಂಗವಾಡಿಯನ್ನು ವಶ ಮಾಡಿಕೊಂಡರು. ಉಳಿದ ಗುಡಿಗಳು ಅವರ ಕಾಲದಲ್ಲಿ ಸೇರಿದವು. ಚೋಳೇಶ್ವರ ಎಂಬ ಹೆಸರೇ ಅದನ್ನು ಹೇಳುತ್ತದೆ. ಒಳಗೆ ಹೋದವರು ಒಮ್ಮೆ ತಲೆ ಎತ್ತಿ ನೋಡಬೇಕು. ಮಂಟಪದ ಛಾವಣಿಯಲ್ಲಿ ಅಷ್ಟದಿಕ್ಪಾಲಕರ ಕೆತ್ತನೆ ಇದೆ. ಕೈಮುಗಿದು ಹಾಗೇ ಹೊರಬರುವ ಹೆಚ್ಚಿನವರಿಗೆ ಅದು ಕಾಣುವುದೇ ಇಲ್ಲ.

ಈಗ ಕಲ್ಲಿನ ವಿಷಯಕ್ಕೆ ಬರೋಣ. ಶಾಸನಗಳಲ್ಲಿ ಬೇಗೂರಿನ ಹೆಸರು ಬೆಂಪೂರು. ಸುತ್ತಲಿನ ಹಳ್ಳಿಗಳೂ ಸೇರಿ ‘ಬೆಂಪೂರು ಹನ್ನೆರಡು’ ಎಂಬ ಆಡಳಿತ ಭಾಗ, ಈಗಿನ ಹೋಬಳಿಯ ಹಾಗೆ. ಗಂಗರ ಪರವಾಗಿ ಇಲ್ಲಿ ಇದ್ದವನು ನಾಗತ್ತರ. ಗಂಗ ದೊರೆ ಎರೆಯಪ್ಪನ ಮಾತಿನಂತೆ ಅವನು ಅಯ್ಯಪದೇವನಿಗೆ ನೆರವಾಗಿ ತುಂಬೆಪಾಡಿಯಲ್ಲಿ ವೀರಮಹೇಂದ್ರನ ಸೈನ್ಯದ ಎದುರು ನಿಂತ. ಆನೆಗಳೊಂದಿಗೆ ಹೋರಾಡಿ ಅಲ್ಲೇ ಸತ್ತ. ಅವನು ಸತ್ತ ಮೇಲೆ ಎರೆಯಪ್ಪ, ಇರುಗ ಎಂಬವನಿಗೆ ನಾಗತ್ತರ ಪಟ್ಟ ಕಟ್ಟಿ ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟ. ಕಲ್ನಾಡು ಎಂದರೆ ವೀರನ ಹೆಸರಿನಲ್ಲಿ ಕೊಡುವ ಭೂಮಿ.

ನಮಗೆ ಹೆಚ್ಚು ಹಿಡಿಸಿದ್ದು ಈ ಶಾಸನದ ಕೊನೆಯ ಭಾಗ. ಕೊಟ್ಟ ಹಳ್ಳಿಗಳ ಹೆಸರನ್ನು ಸಾಲಾಗಿ ಬರೆದಿದ್ದಾರೆ. ಅದರಲ್ಲಿ ಇಗ್ಗಲೂರು ಇದೆ, ಎಳ್ಕುಂಟೆ ಇದೆ, ಕೂಡಲಿ ಇದೆ. ಚಂದಾಪುರದ ಹತ್ತಿರದ ಇಗ್ಗಲೂರು, ಹೊಸೂರು ರಸ್ತೆ ಪಕ್ಕದ ಯಳ್ಳುಕುಂಟೆ ಮತ್ತು ಕೂಡ್ಲು ಈ ಹೆಸರುಗಳನ್ನೇ ಹೋಲುತ್ತವೆ. ವೀರಗಲ್ಲು ಎಂದರೆ ಸತ್ತವನ ನೆನಪಿನ ಕಲ್ಲು ಮಾತ್ರ ಎಂದುಕೊಂಡಿದ್ದರೆ ಅದು ಅರ್ಧ ಮಾತು. ಇದು ಆ ಕಾಲದ ಪಹಣಿಯೂ ಹೌದು. ಕಂದಾಯ ಇಲಾಖೆಯ ಕಾಗದ ನೂರು ವರ್ಷಕ್ಕೇ ಪುಡಿಯಾಗುತ್ತದೆ. ಇದು ಸಾವಿರದ ನೂರು ವರ್ಷ ನಿಂತಿದೆ.

ನಾಗತ್ತರನ ವೀರಗಲ್ಲು ಈಗ ಬೇಗೂರಿನಲ್ಲಿಲ್ಲ. ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಆನೆ, ಕುದುರೆ, ಕತ್ತಿ ಹಿಡಿದ ಕಾಲಾಳು, ಇಡೀ ಯುದ್ಧವೇ ಒಂದು ಚಪ್ಪಡಿಯ ಮೇಲಿದೆ. ಪಟ್ಟಣಕ್ಕೆ ಹೋದಾಗ ವಿಧಾನಸೌಧದ ಮುಂದೆ ಸೆಲ್ಫಿ ತೆಗೆದುಕೊಂಡ ಮೇಲೆ ಅಲ್ಲಿಗೂ ಹೋಗಿ ಬನ್ನಿ.

ಬೇಗೂರಿನಲ್ಲೇ ಉಳಿದದ್ದು ಇನ್ನೊಂದು ಕಲ್ಲು. ಸುಮಾರು ಕ್ರಿ.ಶ. 890ರದು ಎನ್ನುತ್ತಾರೆ. ನೋಡಲು ಅಷ್ಟು ಚೆಂದವೇನಿಲ್ಲ, ಬರಹವೂ ಚಿಕ್ಕದು. ನಾಗತ್ತರನ ಕಡೆಯವರು ‘ಬೆಂಗಳೂರು ಕಾಳಗ’ದಲ್ಲಿ ಸತ್ತ ಸುದ್ದಿ ಅದರಲ್ಲಿದೆ. ‘ಕರ್ಣಾಟಕ ಕವಿಚರಿತೆ’ ಬರೆದ ಆರ್. ನರಸಿಂಹಾಚಾರ್ಯರು ಮೈಸೂರು ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದಾಗ ಇದನ್ನು ಬೆಳಕಿಗೆ ತಂದರು. ಕೆಂಪೇಗೌಡರು 1537ರಲ್ಲಿ ಕೋಟೆ, ಪೇಟೆ ಕಟ್ಟಿದರು ಎನ್ನುವುದಕ್ಕೆ ಇದರಿಂದ ಯಾವ ಕುಂದೂ ಇಲ್ಲ. ಅವರು ನಗರ ಕಟ್ಟುವ 600 ವರ್ಷಕ್ಕೂ ಹಿಂದೆ ಬೆಂಗಳೂರು ಎಂಬ ಊರಿತ್ತು, ಅಲ್ಲಿ ಯುದ್ಧವಾಗಿತ್ತು ಎನ್ನುವುದು ಈ ಕಲ್ಲಿನಿಂದ ತಿಳಿಯುತ್ತದೆ.

ಇಷ್ಟು ದೊಡ್ಡ ವಿಷಯ ಹೇಳುವ ಕಲ್ಲು ಬಹಳ ಕಾಲ ಗುಡಿಯ ಆವರಣದಲ್ಲಿ ಹೇಳಕೇಳುವವರಿಲ್ಲದೆ ಇತ್ತು. ಬೇಗೂರಿನ ಅದೃಷ್ಟ, ಅದು ದೇವರ ಜಾಗ. ಕಲ್ಲನ್ನು ಯಾರೂ ಅಡಿಪಾಯಕ್ಕೆ ಹಾಕಿಕೊಳ್ಳಲಿಲ್ಲ. ಹೊಲದ ಬದುವಿನಲ್ಲಿ, ಕೆರೆ ಏರಿಯಲ್ಲಿ ನಿಂತ ಕಲ್ಲುಗಳಿಗೆ ಆ ಭಾಗ್ಯವಿಲ್ಲ. ಸೈಟು ಮಾಡಲು ಜೆಸಿಬಿ ಬಂದ ದಿನ ಅವು ಮಣ್ಣು ಸೇರುತ್ತವೆ. ಒಮ್ಮೊಮ್ಮೆ ಉಲ್ಟಾ ಆಗುವುದೂ ಉಂಟು. 2018ರಲ್ಲಿ ಹೆಬ್ಬಾಳದಲ್ಲಿ ಚರಂಡಿ ಕೆಲಸಕ್ಕೆ ನೆಲ ಅಗೆದಾಗ ಕಿತ್ತಯ್ಯ ಎಂಬ ವೀರನ ಕಲ್ಲು ಸಿಕ್ಕಿತು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750. ಊರಿನವರು, ಇತಿಹಾಸದಲ್ಲಿ ಆಸಕ್ತಿ ಇರುವವರು ಸೇರಿ ಅದಕ್ಕೊಂದು ಮಂಟಪ ಕಟ್ಟಿಸಿದರು. ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಯವರು ಬೆಂಗಳೂರು ಸುತ್ತಲಿನ ಶಾಸನಗಳನ್ನು ಹುಡುಕಿ 3ಡಿ ಸ್ಕ್ಯಾನ್ ಮಾಡುತ್ತಿದ್ದಾರೆ. ಕಲ್ಲು ಹೋದರೂ ಅಕ್ಷರ ಉಳಿಯಲಿ ಎಂದು.

ನಿಮ್ಮೂರ ಗುಡಿ ಹಿಂದೆ, ಅರಳಿಕಟ್ಟೆಯ ಪಕ್ಕ ಇಂಥ ಕಲ್ಲು ಇದ್ದೀತು. ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡಿ, ಬೇಡ ಎನ್ನುವುದಿಲ್ಲ. ಆದರೆ ಎನಾಮಲ್ ಪೇಂಟು ಬಳಿಯಬೇಡಿ, ಬುಡಕ್ಕೆ ಸಿಮೆಂಟು ತುಂಬಿ ಕೆಳಗಿನ ಸಾಲುಗಳನ್ನು ಮುಚ್ಚಬೇಡಿ. ಫೋಟೋ ತೆಗೆಯುವುದಾದರೆ ಬೆಳಿಗ್ಗೆ ಏಳೂವರೆ ಎಂಟಕ್ಕೋ, ಸಂಜೆ ಹೊತ್ತು ಇಳಿಯುವಾಗಲೋ ಹೋಗಿ. ನೀರಿನಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ಮೆಲ್ಲಗೆ ಧೂಳು ಒರೆಸಿ. ಫ್ಲ್ಯಾಶ್ ಬೇಡ. ನಡು ಮಧ್ಯಾಹ್ನ ಬರೀ ಕಲ್ಲು ಕಾಣುತ್ತದೆ. ಬಿಸಿಲು ಓರೆಯಾಗಿ ಬಿದ್ದಾಗ ಅಕ್ಷರಗಳು ಒಂದೊಂದಾಗಿ ಎದ್ದು ಕಾಣುತ್ತವೆ.