‘ಚಿತ್ರ ಕೃಪೆ: ಗೂಗಲ್’ ಎಂದರೆ ಸಾಕೇ? ಲೇಖನದ ಜೊತೆ ಬರುವ ಫೋಟೊದ ಹಕ್ಕು ಯಾರದ್ದು

ಜಮಾಅತಿನ ಸ್ಮರಣ ಸಂಚಿಕೆ, ಮದ್ರಸದ ವಾರ್ಷಿಕ ವರದಿ, ಸಂಘಟನೆಯ ಮುಖವಾಣಿ, ಯುವಕರು ನಡೆಸುವ ಸುದ್ದಿತಾಣ. ಇವುಗಳಲ್ಲಿ ಯಾವುದನ್ನು ತೆರೆದರೂ ಫೋಟೊದ ಕೆಳಗೆ ಸಣ್ಣ ಅಕ್ಷರದಲ್ಲಿ ‘ಚಿತ್ರ ಕೃಪೆ: ಗೂಗಲ್’ ಅಥವಾ ‘ಕೃಪೆ: ಇಂಟರ್ನೆಟ್’ ಎಂಬ ಸಾಲು ಕಾಣಸಿಗುತ್ತದೆ. ಹಾಕಿದವರ ಉದ್ದೇಶ ಒಳ್ಳೆಯದೇ. ಆದರೆ ಗೂಗಲ್ ಫೋಟೊ ತೆಗೆಯುವುದಿಲ್ಲ, ಹುಡುಕಿ ತೋರಿಸುತ್ತದೆ ಅಷ್ಟೇ. ದಾರಿ ತೋರಿಸಿದವನಿಗೆ ಥ್ಯಾಂಕ್ಸ್ ಹೇಳಿ, ಅಂಗಡಿಯವನನ್ನು ಕೇಳದೆ ಮಾಲು ಎತ್ತಿಕೊಂಡು ಬಂದ ಹಾಗಾಯಿತು ಇದು.

ಸಂಪಾದಕರೇ ಎಲ್ಲವನ್ನೂ ಬರೆಯುವಾಗ ವಿಷಯ ಇಷ್ಟು ಗೋಜಲಾಗಿರುವುದಿಲ್ಲ. ಗೋವಾದಿಂದ, ಮುಂಬೈಯಿಂದ, ಗಲ್ಫಿನಿಂದ ಹವ್ಯಾಸಿ ಬರಹಗಾರರು ಲೇಖನ ಕಳಿಸುತ್ತಾರೆ, ಜೊತೆಗೆ ನಾಲ್ಕೈದು ಫೋಟೊ ಕೂಡ. ಲೇಖನ ಅವರದ್ದೇ. ಫೋಟೊ ಯಾರದ್ದು ಅಂತ ಕೇಳುವ ಅಭ್ಯಾಸ ನಮ್ಮಲ್ಲಿ ಇನ್ನೂ ಬಂದಿಲ್ಲ.

ಕ್ಲಿಕ್ ಮಾಡಿದವನೇ ಮಾಲಕ

ಭಾರತದ ಹಕ್ಕುಸ್ವಾಮ್ಯ ಕಾಯ್ದೆ 1957ರದ್ದು, ದೊಡ್ಡ ತಿದ್ದುಪಡಿ ಆದದ್ದು 2012ರಲ್ಲಿ. ಅದರ ಪ್ರಕಾರ ಫೋಟೊದ ಕರ್ತೃ ಎಂದರೆ ಅದನ್ನು ತೆಗೆದವನು. ಕ್ಯಾಮರಾ ಯಾರದ್ದು, ಫೋಟೊದಲ್ಲಿ ಯಾರಿದ್ದಾರೆ, ಯಾರ ಫೋನಿಗೆ ಫಾರ್ವರ್ಡ್ ಆಗಿ ಬಂತು ಎಂಬುದು ಲೆಕ್ಕಕ್ಕಿಲ್ಲ. ನೋಂದಣಿಯೂ ಬೇಕಾಗಿಲ್ಲ. ಬಟನ್ ಒತ್ತಿದ ಕ್ಷಣಕ್ಕೇ ಹಕ್ಕು ಹುಟ್ಟುತ್ತದೆ, ಮೂಲೆಯಲ್ಲಿ ‘ಕಾಪಿರೈಟ್’ ಗುರುತು ಇಲ್ಲದಿದ್ದರೂ ಸರಿ. ಕರ್ತೃವಿನ ಜೀವಮಾನ ಪೂರ್ತಿ, ಅವರು ತೀರಿಹೋದ ಮರು ವರ್ಷದಿಂದ ಮತ್ತೆ 60 ವರ್ಷ ಅದು ಉಳಿಯುತ್ತದೆ. ಗೋವಾದ ಲೋಟಲಿಯ ವ್ಯಂಗ್ಯಚಿತ್ರಕಾರ ಮಾರಿಯೊ ಮಿರಾಂಡ ತೀರಿಕೊಂಡದ್ದು 2011ರ ಡಿಸೆಂಬರಿನಲ್ಲಿ. ಅಂದರೆ ಅವರ ಚಿತ್ರಗಳ ಹಕ್ಕು 2071ರ ಕೊನೆಯವರೆಗೆ ಇರುತ್ತದೆ. ಗೋವಾದ ಬಗ್ಗೆ ಬರೆದ ಲೇಖನಕ್ಕೆ ಚಂದ ಕಾಣಲಿ ಅಂತ ಅವರದ್ದೊಂದು ಚಿತ್ರ ಅಂಟಿಸುವವರಿಗೆ ಇದು ಗೊತ್ತಿರಬೇಕು.

ಸಾವರ್ಡೆಯದ್ದೇ ಒಂದು ಘಟನೆ ತೆಗೆದುಕೊಳ್ಳಬಹುದು. 2017ರ ಮೇ 18ರಂದು ಸಾವರ್ಡೆ–ಕುಡಚಡೆಯಲ್ಲಿ, ಬಳಕೆಗೆ ಮುಚ್ಚಿದ್ದ ಪೋರ್ಚುಗೀಸರ ಕಾಲದ ಕಾಲುಸೇತುವೆ ಕುಸಿದು ನದಿಗೆ ಬಿತ್ತು. ನದಿಗೆ ಹಾರಿದ ಒಬ್ಬನನ್ನು ಹುಡುಕುವ ಕೆಲಸ ನೋಡಲು ಜನ ಅದರ ಮೇಲೆ ಸೇರಿದ್ದರು. ಅಂಥ ಹೊತ್ತಿನಲ್ಲಿ ದಡದಲ್ಲಿ ನಿಂತು ಮೊಬೈಲಿನಲ್ಲಿ ಫೋಟೊ ತೆಗೆದ ಹಣ್ಣಿನ ವ್ಯಾಪಾರಿಯೋ ಕಾಲೇಜು ಹುಡುಗನೋ ಇದ್ದರೆ, ಕಾನೂನಿನ ಕಣ್ಣಿಗೆ ಅವನೇ ಆ ಫೋಟೊದ ಮಾಲಕ. ಅದು ನೂರು ವಾಟ್ಸ್ಆ್ಯಪ್ ಗ್ರೂಪು ಸುತ್ತಿ ಬಂದಿದ್ದರೂ ಮಾಲಕತ್ವ ಬದಲಾಗುವುದಿಲ್ಲ.

ಹಾಗಾದರೆ ಸುದ್ದಿ ಬರೆಯುವುದು ಹೇಗೆ? ಕಾಯ್ದೆಯ 52ನೇ ಸೆಕ್ಷನ್ ಪ್ರಚಲಿತ ಘಟನೆಯ ವರದಿಗೆ, ವಿಮರ್ಶೆಗೆ, ಸ್ವಂತ ಅಧ್ಯಯನಕ್ಕೆ ನ್ಯಾಯವಾದ ಬಳಕೆಯ ವಿನಾಯಿತಿ ಕೊಡುತ್ತದೆ. ಎಷ್ಟು ತೆಗೆದುಕೊಂಡಿರಿ, ಯಾತಕ್ಕೆ ತೆಗೆದುಕೊಂಡಿರಿ, ಮೂಲದವನ ಸಂಪಾದನೆಗೆ ಪೆಟ್ಟು ಬೀಳುತ್ತದೆಯೇ ಎಂಬ ಮೂರು ಪ್ರಶ್ನೆಗಳನ್ನು ಕೇರಳ ಹೈಕೋರ್ಟ್ 1996ರಲ್ಲಿ ಒಂದು ನಾಟಕದ ಪ್ರಕರಣದಲ್ಲಿ ಮುಂದಿಟ್ಟಿತ್ತು. ಸೇತುವೆ ಬಿದ್ದ ಮರುದಿನದ ವರದಿಗೆ ಈ ವಿನಾಯಿತಿ ಕೇಳಬಹುದು. ಹತ್ತು ವರ್ಷದ ನಂತರ ಅದೇ ಫೋಟೊವನ್ನು ಸ್ಮರಣ ಸಂಚಿಕೆಯ ಮುಖಪುಟಕ್ಕೆ ಹಾಕಿ ಜಾಹೀರಾತು ಹಣ ಎತ್ತುವವರು ಅದೇ ಮಾತು ಹೇಳಿದರೆ ನಿಲ್ಲುವುದು ಕಷ್ಟ. ‘ನಾವು ಲಾಭಕ್ಕೆ ಮಾಡಲಿಲ್ಲ, ಸಮುದಾಯದ ಕೆಲಸ’ ಎಂಬುದೂ ಉಲ್ಲಂಘನೆಯಿಂದ ಬಿಡುಗಡೆ ಕೊಡುವುದಿಲ್ಲ. ಶಿಕ್ಷೆ ಕಡಿಮೆ ಮಾಡಲು ಅದು ಕಾರಣ ಆಗಬಹುದು, ಅಷ್ಟೇ.

ಗೂಗಲ್ ನಂಬಿದರೆ ಇನ್ನೊಂದು ಫಜೀತಿಯೂ ಇದೆ. ಸಾವರ್ಡೆ ಹೆಸರಿನ ಊರು ಮಹಾರಾಷ್ಟ್ರದ ರತ್ನಗಿರಿ ಜಿಲ್ಲೆಯ ಚಿಪ್ಳೂಣ ತಾಲೂಕಿನಲ್ಲೂ ಇದೆ, ಕೊಂಕಣ ರೈಲಿನ ನಿಲ್ದಾಣ ಸಮೇತ. ಗೋವಾದ ಸಾವರ್ಡೆ ಇರುವುದು ವಾಸ್ಕೊದಿಂದ ಕುಳೆ, ದೂಧಸಾಗರ ಕಡೆಗೆ ಹೋಗುವ ಹಳೆಯ ಹಳಿಯ ಮೇಲೆ. ಗಡಿಬಿಡಿಯಲ್ಲಿ ಹುಡುಕಿದವನು ಬೇರೊಬ್ಬರ ಫೋಟೊವನ್ನೂ ಹಾಕುತ್ತಾನೆ, ಬೇರೊಂದು ಊರನ್ನೂ ಹಾಕುತ್ತಾನೆ.

ಹೊರಗಿನವರು ಬರೆದಾಗ

ಬಿ.ಕಾಂ. ಓದಿದವರಿಗೆ 1930ರ ಸರಕು ಮಾರಾಟ ಕಾಯ್ದೆಯ 27ನೇ ಸೆಕ್ಷನ್ ನೆನಪಿರಬಹುದು. ಮಾರುವವನಿಗೆ ಎಷ್ಟು ಹಕ್ಕಿದೆಯೋ ಕೊಳ್ಳುವವನಿಗೆ ಅಷ್ಟೇ ದಾಟುತ್ತದೆ. ಕಳವಿನ ಮಾಲನ್ನು ಪೂರ್ತಿ ಹಣ ಕೊಟ್ಟು ಕೊಂಡರೂ ಅದು ನಿಮ್ಮದಾಗುವುದಿಲ್ಲ. ಫೋಟೊಗೂ ತರ್ಕ ಅದೇ. ಅತಿಥಿ ಲೇಖಕನಿಗೆ ಆ ಫೋಟೊದ ಮೇಲೆ ಹಕ್ಕಿಲ್ಲ ಅಂದ ಮೇಲೆ, ‘ಹಾಕಿ, ಪರವಾಗಿಲ್ಲ’ ಎಂದು ಅವನು ಕೊಡುವ ಒಪ್ಪಿಗೆಗೆ ಬೆಲೆ ಇಲ್ಲ. ನೋಟಿಸು ಬರುವಾಗ ಬರುವುದು ಪ್ರಕಟಿಸಿದವರಿಗೆ, ಲೇಖಕನಿಗೂ ಬರಬಹುದು.

‘ನಾವು ಬರೀ ವೇದಿಕೆ, ಕಳಿಸಿದವರು ಹೊಣೆ’ ಎನ್ನುವ ವಾದ ತುಂಬ ಕಡೆ ಕೇಳುತ್ತದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ನೇ ಸೆಕ್ಷನಿನ ರಕ್ಷಣೆ ಇರುವುದು ಇನ್ನೊಬ್ಬರು ಹಾಕಿದ್ದನ್ನು ಆರಿಸದೆ, ತಿದ್ದದೆ ದಾಟಿಸುವ ಮಧ್ಯವರ್ತಿಗಳಿಗೆ. ಲೇಖನ ಓದಿ, ತಿದ್ದಿ, ಶೀರ್ಷಿಕೆ ಕೊಟ್ಟು, ಫೋಟೊ ಆರಿಸಿ ಪ್ರಕಟಿಸುವ ಸಂಪಾದಕ ಆ ಸಾಲಿನಲ್ಲಿ ಕೂರುವುದು ಕಷ್ಟ. ‘ಲೇಖನದ ಅಭಿಪ್ರಾಯ ಲೇಖಕರದ್ದು’ ಎಂಬ ಸಾಲಂತೂ ಅಭಿಪ್ರಾಯಕ್ಕೆ ಮಾತ್ರ. ಫೋಟೊಗೆ ಅದು ಕೊಡೆ ಹಿಡಿಯುವುದಿಲ್ಲ.

ಈ ಲೆಕ್ಕದಲ್ಲಿ ಬರಹಗಾರರ ಕಡೆಯೂ ಒಂದು ಪುಟ ಇದೆ, ಅದು ಹೆಚ್ಚಿನವರಿಗೆ ತಿಳಿದಿಲ್ಲ. ಪತ್ರಿಕೆಯ ಸಂಬಳದ ಫೋಟೊಗ್ರಾಫರ್ ತೆಗೆದ ಚಿತ್ರವನ್ನು ಪತ್ರಿಕೆಗಳಲ್ಲಿ ಪ್ರಕಟಿಸುವ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಆ ಪತ್ರಿಕೆಯ ಮಾಲಕರದ್ದು. ಅತಿಥಿ ಲೇಖಕ ಸಂಬಳದವನಲ್ಲ. ಅವನು ಕಳಿಸಿದ ಬರಹದ, ಅವನೇ ತೆಗೆದ ಫೋಟೊದ ಹಕ್ಕು ಪ್ರಕಟವಾದ ಮೇಲೂ ಅವನಲ್ಲೇ ಉಳಿಯುತ್ತದೆ. ಪ್ರಕಟಿಸಿದವರಿಗೆ ಸಿಕ್ಕಿದ್ದು ಪ್ರಕಟಿಸುವ ಒಪ್ಪಿಗೆ ಮಾತ್ರ. ನಾಳೆ ಅದನ್ನೇ ಪುಸ್ತಕ ಮಾಡುವುದಿದ್ದರೆ, ಕ್ಯಾಲೆಂಡರಿಗೆ ಹಾಕುವುದಿದ್ದರೆ, ಟಿ.ವಿ. ಚಾನೆಲಿಗೆ ಕೊಡುವುದಿದ್ದರೆ ಮತ್ತೆ ಕೇಳಬೇಕು. ಹೆಸರು ಬಿಟ್ಟು ಹಾಕಿದರೆ ‘ಇದು ನನ್ನದು’ ಎಂದು ಹೇಳಿಕೊಳ್ಳುವ ಹಕ್ಕನ್ನು 57ನೇ ಸೆಕ್ಷನ್ ಪ್ರತ್ಯೇಕವಾಗಿ ಕೊಡುತ್ತದೆ. ಹಕ್ಕು ಮಾರಿದ ನಂತರವೂ ಅದು ಇರುತ್ತದೆ. ಫೋಟೊದ ಮೇಲಿನ ತೆಗೆದವನ ಹೆಸರನ್ನು ಬೇಕೆಂದೇ ಅಳಿಸುವುದು 65ಬಿ ಸೆಕ್ಷನಿನಲ್ಲಿ 2 ವರ್ಷದವರೆಗೆ ಜೈಲು, ದಂಡ ಆಗಬಹುದಾದ ಅಪರಾಧ. ಕ್ರಾಪ್ ಮಾಡುವ ಹುಡುಗರಿಗೆ ಇದನ್ನು ಯಾರಾದರೂ ಹೇಳಿದರೆ ಒಳ್ಳೆಯದು.

ಬ್ಯಾರಿಗಳಿಗೆ ಈ ವಿಷಯ ದೂರದ್ದಲ್ಲ. ಬ್ಯಾರಿ ಭಾಷೆಯ ಮೊದಲ ಸಿನಿಮಾ ‘ಬ್ಯಾರಿ’ 59ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಕಥಾಚಿತ್ರ ಗೌರವವನ್ನು ಮರಾಠಿಯ ‘ದೇವೂಳ್’ ಜೊತೆ ಹಂಚಿಕೊಂಡಿತು. ಊರೆಲ್ಲ ಹೆಮ್ಮೆಪಟ್ಟಿತು. ಅದರ ಕಥೆ ತಮ್ಮ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯದ್ದು, ಅನುಮತಿ ಕೇಳಿಲ್ಲ ಎಂದು ಸಾರಾ ಅಬೂಬಕ್ಕರ್ ಮಂಗಳೂರಿನ ನ್ಯಾಯಾಲಯಕ್ಕೆ ಹೋದರು. ವರ್ಷಗಟ್ಟಲೆ ನಡೆದ ದಾವೆಯಲ್ಲಿ ತೀರ್ಪು ಅವರ ಪರವಾಗಿ ಬಂತು. ಅದು ಕಾದಂಬರಿಯ ವಿಷಯ, ಫೋಟೊದ್ದಲ್ಲ ನಿಜ. ಆದರೆ ಕಾಯ್ದೆ ಒಂದೇ, ಕೇಳುವ ಪ್ರಶ್ನೆಯೂ ಒಂದೇ: ಯಾರದ್ದು, ಕೇಳಿದ್ದೀರಾ? ಸಾರಾ ಅವರು ತೀರಿಕೊಂಡದ್ದು 2023ರ ಜನವರಿಯಲ್ಲಿ. ಅವರ ಕೃತಿಗಳ ಹಕ್ಕು 2083ರ ಕೊನೆಯವರೆಗೆ ವಾರಸುದಾರರದ್ದು.

ಶರೀಅತ್ ಈ ಬಗ್ಗೆ ಏನು ಹೇಳುತ್ತದೆ ಎಂದು ಕೇಳುವವರೂ ಇದ್ದಾರೆ, ಕೈಗೆ ಸಿಗದ ವಸ್ತುವಿಗೆ ಎಂಥ ಮಾಲಕತ್ವ ಅಂತ. ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ 1988ರ ಡಿಸೆಂಬರಿನಲ್ಲಿ ಕುವೈತಿನಲ್ಲಿ ಸೇರಿದಾಗ 43ನೇ ನಿರ್ಣಯದಲ್ಲಿ ಇದನ್ನು ಇತ್ಯರ್ಥ ಮಾಡಿದೆ. ವ್ಯಾಪಾರದ ಹೆಸರು, ಗ್ರಂಥಕರ್ತನ ಹಕ್ಕು, ಆವಿಷ್ಕಾರದ ಹಕ್ಕು ಇವೆಲ್ಲ ಬೆಲೆಯುಳ್ಳ ಹಕ್ಕುಗಳು, ಅವುಗಳ ಮೇಲೆ ಅತಿಕ್ರಮ ಸಲ್ಲದು ಎಂಬುದು ಅದರ ಸಾರ.

ಮದುವೆಯ ಫೋಟೊಗ್ರಾಫರ್ ವಿಷಯ ಸ್ವಲ್ಪ ಬೇರೆ. ಯಾರೋ ಹೇಳಿ, ಹಣ ಕೊಟ್ಟು ತೆಗೆಸಿದ ಫೋಟೊದ ಮೊದಲ ಮಾಲಕ, ಎದುರು ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರು. ಹಾಗಾಗಿ ನಿಕಾಹ್‌ನ ಆಲ್ಬಮ್ ಮನೆಯವರದ್ದು, ಅಂಗಡಿಯ ಮಾಲಿನ ಫೋಟೊ ತೆಗೆಸಿ ಹಣ ಕೊಟ್ಟಿದ್ದರೆ ಅದು ಅಂಗಡಿಯವರದ್ದು. ಸ್ಟುಡಿಯೊ ಬಿಲ್ಲಿನ ಹಿಂದೆ ಬೇರೆ ಶರತ್ತು ಅಚ್ಚಾಗಿದೆಯೋ ಅಂತ ಒಮ್ಮೆ ನೋಡಿಕೊಳ್ಳಬೇಕು. ದೋಸ್ತಿಯಲ್ಲಿ ಪುಕ್ಕಟೆ ತೆಗೆದುಕೊಟ್ಟವನ ಫೋಟೊ ಅವನದ್ದೇ.

ಹಕ್ಕುಸ್ವಾಮ್ಯ ಸರಿ ಇದ್ದರೂ ಮುಗಿಯಲಿಲ್ಲ. ಫೋಟೊದಲ್ಲಿರುವವರ ಖಾಸಗಿತನ ಬೇರೆಯೇ ಹಕ್ಕು, 2017ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮೂಲಭೂತ ಹಕ್ಕು ಎಂದಿದೆ. ಮಹಿಳೆಯರ, ಮಕ್ಕಳ, ಝಕಾತ್ ಕಿಟ್ ತೆಗೆದುಕೊಳ್ಳುವ ಬಡವರ ಮುಖ ಹಾಕುವ ಮೊದಲು ಅವರನ್ನೇ ಕೇಳಬೇಕು. ಕಿಟ್ ಕೊಡುವ ಕೈಯ ಫೋಟೊ ಸಾಕಾಗುವಲ್ಲಿ ಪಡೆಯುವ ಮುಖ ಯಾಕೆ ಬೇಕು?

ಒಪ್ಪಿಗೆ ಬರವಣಿಗೆಯಲ್ಲಿ

ಹಕ್ಕನ್ನು ಪೂರ್ತಿ ವರ್ಗಾಯಿಸುವುದಿದ್ದರೆ ಲಿಖಿತ ಪತ್ರ, ಸಹಿ ಎರಡೂ ಬೇಕು. ಬರೀ ಪ್ರಕಟಣೆಯ ಪರವಾನಗಿಗೆ ಮೊದಲು ಸಹಿ ಬೇಕಿತ್ತು, 2012ರ ತಿದ್ದುಪಡಿ 30ನೇ ಸೆಕ್ಷನಿನಿಂದ ಸಹಿಯ ಮಾತನ್ನು ತೆಗೆಯಿತು. ಈಗ ಬರವಣಿಗೆಯಲ್ಲಿ ಇದ್ದರೆ ಸಾಕು, ಇ-ಮೇಲ್ ಆದೀತು. ಫೋನಿನಲ್ಲಿ ಹೇಳಿದ ‘ಹಾಂ ಹಾಕಿ’ ಬರವಣಿಗೆಯಲ್ಲ. ಎಷ್ಟು ವರ್ಷಕ್ಕೆ ಎಂದು ಬರೆಯದಿದ್ದರೆ ಕಾಯ್ದೆ ಅದನ್ನು 5 ವರ್ಷ ಎಂದು ಓದುತ್ತದೆ, ಎಲ್ಲಿಗೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ. ದುಬೈ, ಜುಬೈಲಿನಲ್ಲೂ ಓದುಗರಿರುವ ನಮ್ಮವರು ಈ ಎರಡನ್ನೂ ಬಿಡದೆ ಬರೆಸಬೇಕು.

ಲೇಖಕರಿಂದ ಪಡೆಯಬೇಕಾದ ಮಾತು ಉದ್ದ ಇರಬೇಕಾಗಿಲ್ಲ. ‘ಈ ಲೇಖನ ನಾನು ಬರೆದದ್ದು. 1, 2ನೇ ಫೋಟೊ ನಾನೇ ತೆಗೆದದ್ದು. 3ನೆಯದ್ದು ಇಂಥವರದ್ದು, ಅವರ ಒಪ್ಪಿಗೆಯ ಸಂದೇಶ ಜೊತೆಗಿದೆ. ಇವನ್ನು ನಿಮ್ಮ ಪ್ರಕಟಣೆಯಲ್ಲಿ, ಎಲ್ಲ ದೇಶಗಳಲ್ಲಿ, 10 ವರ್ಷ ಬಳಸಲು ಒಪ್ಪಿದ್ದೇನೆ, ನನ್ನ ಹೆಸರು ಇರಬೇಕು.’ ಇಷ್ಟನ್ನು ಬರೆದು ಕಳಿಸಲು ಹಿಂದೆಮುಂದೆ ನೋಡುವ ಲೇಖಕರ ಫೋಟೊ ಬಿಟ್ಟು ಲೇಖನ ಮಾತ್ರ ಹಾಕುವುದು ಜಾಣತನ.

ಹಣ ಕೊಡದೆ ಸಿಗುವ ಚಿತ್ರಗಳೂ ಇವೆ. ವಿಕಿಮೀಡಿಯ ಕಾಮನ್ಸ್‌ನಲ್ಲಿ ಸಾರ್ವಜನಿಕರು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಹಾಕಿದ ಫೋಟೊಗಳನ್ನು, ಪತ್ರಿಕೆ ಮಾರಾಟಕ್ಕಿದ್ದರೂ, ಬಳಸಬಹುದು. ಪುಕ್ಕಟೆ ಅಂದರೆ ಶರತ್ತಿಲ್ಲ ಎಂದಲ್ಲ. ತೆಗೆದವರ ಹೆಸರು, ಪರವಾನಗಿಯ ಹೆಸರು ಎರಡೂ ಕೆಳಗೆ ಬರಬೇಕು. ‘ಕೃಪೆ: ವಿಕಿಪೀಡಿಯ’ ಎಂದರೆ ಅದು ಮತ್ತೆ ‘ಕೃಪೆ: ಗೂಗಲ್’ ಆಯಿತು. ಬೇರೆ ತಾಣಗಳಲ್ಲಿ ‘ವಾಣಿಜ್ಯ ಬಳಕೆ ಇಲ್ಲ’ ಎಂಬ ಗುರುತಿದ್ದರೆ ಜಾಹೀರಾತು ಇರುವ ಪುಟಕ್ಕೆ ಅದು ಆಗದು. ಇನ್ನು ತೀರಾ ಹಳೆಯ ಚಿತ್ರಗಳು: ಭಾರತದಲ್ಲಿ 1951ರೊಳಗೆ ಪ್ರಕಟವಾದ ಫೋಟೊಗಳ ಅವಧಿ ಮುಗಿದಿದೆ.

ದಂಡದ ವಿಷಯ. ತಿಳಿದೂ ಮಾಡಿದ ಉಲ್ಲಂಘನೆಗೆ 63ನೇ ಸೆಕ್ಷನಿನಲ್ಲಿ 6 ತಿಂಗಳಿಂದ 3 ವರ್ಷ ಜೈಲು, 50,000ದಿಂದ 2 ಲಕ್ಷ ರೂಪಾಯಿ ದಂಡ. ಇದು ಪೊಲೀಸರು ನೇರ ಕೈಗೆತ್ತಿಕೊಳ್ಳಬಹುದಾದ, ಜಾಮೀನುರಹಿತ ಅಪರಾಧ ಎಂದು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ಹೇಳಿದೆ. ಸಾಮಾನ್ಯವಾಗಿ ಮೊದಲು ಬರುವುದು ಜೈಲಲ್ಲ, ವಕೀಲರ ನೋಟಿಸು ಮತ್ತು ಪರಿಹಾರದ ಮೊತ್ತ. 62ನೇ ಸೆಕ್ಷನ್ ಪ್ರಕಾರ ಹಕ್ಕುದಾರ ತಾನು ವಾಸಿಸುವ ಊರಿನ ಜಿಲ್ಲಾ ನ್ಯಾಯಾಲಯದಲ್ಲೇ ದಾವೆ ಹೂಡಬಹುದು. ಸಾವರ್ಡೆಯ ಫೋಟೊಗ್ರಾಫರ್ ಗೋವಾದಲ್ಲಿ ಕೇಸು ಹಾಕಿದರೆ ಮಂಗಳೂರಿನ ಸಂಪಾದಕ ಅಲ್ಲಿಗೆ ಓಡಾಡಬೇಕು. ವಾಯಿದೆಗೆ ಒಂದು ದಿನ ಅಂಗಡಿ ಬಂದ್ ಮಾಡಿದರೆ ಏನಾಗುತ್ತದೆ ಅಂತ ವ್ಯಾಪಾರಿಗಳಿಗೆ ಹೇಳಿಕೊಡಬೇಕಾಗಿಲ್ಲ.

ನೋಟಿಸು ಬಂದರೆ ಚಿತ್ರವನ್ನು ಕೂಡಲೇ ಇಳಿಸಬೇಕು, ಆದರೆ ಅದಕ್ಕೆ ಸಂಬಂಧಿಸಿದ ಸಂದೇಶಗಳನ್ನು ಅಳಿಸಬಾರದು. ಹಕ್ಕು ಬೇರೆಯವರದ್ದು ಎಂದು ತಿಳಿಯಲು ಕಾರಣವೇ ಇರಲಿಲ್ಲ ಎಂದು ತೋರಿಸಿದವರ ಮೇಲೆ ಪೂರ್ತಿ ನಷ್ಟಪರಿಹಾರ ಬೀಳುವುದಿಲ್ಲ, ತಡೆಯಾಜ್ಞೆ ಮತ್ತು ಗಳಿಸಿದ ಲಾಭಕ್ಕೆ ಸೀಮಿತವಾಗುತ್ತದೆ. ಲೇಖಕರು ಬರೆದುಕೊಟ್ಟ ಸಂದೇಶ ಆಗ ಉಪಯೋಗಕ್ಕೆ ಬರುವ ದಾಖಲೆ. ಪರಿಹಾರದ ದಾವೆಗೆ ಕಾಲಮಿತಿ ಉಲ್ಲಂಘನೆಯ ದಿನದಿಂದ 3 ವರ್ಷ. ಫೋಟೊ ಇಂದೂ ತೆರೆದೇ ಇದ್ದರೆ ಆ ಲೆಕ್ಕ ಮುಂದಕ್ಕೆ ಹೋಗುತ್ತಲೇ ಇರಬಹುದು. ಆದ್ದರಿಂದ ಒಪ್ಪಿಗೆಯ ಸಂದೇಶಗಳನ್ನು ಫೋನ್ ಬದಲಿಸುವಾಗ ಕಳೆದುಹೋಗದ ಹಾಗೆ ಒಂದು ಪ್ರತ್ಯೇಕ ಇ-ಮೇಲ್ ಖಾತೆಯಲ್ಲಿ, ಲೇಖನದ ಹೆಸರು, ದಿನಾಂಕ ಸಮೇತ ಇಟ್ಟುಕೊಳ್ಳಬೇಕು. ಜಿಎಸ್‌ಟಿ ಬಿಲ್ಲುಗಳ ಫೈಲು ಇಡುವ ಕ್ರಮ ಗೊತ್ತಿದ್ದವರಿಗೆ ಇದು ಹೊಸ ಕೆಲಸವೇನಲ್ಲ.