ಕಂಡಂ ಜೀಪಿನ ಮರುಜನ್ಮ

ಸೇಲಂ, ಧರ್ಮಪುರಿ ಜಿಲ್ಲೆಗಳ ಇತಿಹಾಸವನ್ನು ಬರೆಯಹೊರಟವರು ತಗಡೂರಿನ ಅದಿಯಮಾನರಿಂದಲೋ, ಕನ್ನಡ ಶಾಸನಗಳನ್ನು ಉಳಿಸಿಹೋದ ನೊಳಂಬರಿಂದಲೋ, 1792ರಲ್ಲಿ ಟಿಪ್ಪುವಿನಿಂದ ಕಂಪನಿಯ ಕೈಸೇರಿದ ಬಾರಾಮಹಲಿನಿಂದಲೋ ಮೊದಲುಮಾಡುವುದು ವಾಡಿಕೆ. ಈ ಸಂಚಿಕೆಯಲ್ಲಿಯೂ ಅಂಥ ಲೇಖನಗಳು ಇದ್ದೇ ಇರುತ್ತವೆ. ನಾವು ಹೇಳಹೊರಟಿರುವುದು ಅಷ್ಟು ಪ್ರಾಚೀನವಲ್ಲದ, ಯಾವ ಶಿಲೆಯ ಮೇಲೂ ಕೆತ್ತಿಸಲ್ಪಡದ ಒಂದು ವೃತ್ತಾಂತ: ಸರ್ಕಾರ ಕೈಬಿಟ್ಟ ಹಳೆಯ ಜೀಪುಗಳನ್ನು ಈ ಸೀಮೆಯ ಜನ ತಮ್ಮ ಮನೆಯಂಗಳದಲ್ಲೇ ಬಿಚ್ಚಿ, ತಿದ್ದಿ, ಬಲಪಡಿಸಿ, ಮತ್ತೆ ಬೆಟ್ಟ ಹತ್ತಿಸಿದ ವೃತ್ತಾಂತ. ಧರ್ಮಪುರಿಯ ಹಳೆಯ ಹೆಸರು ತಗಡೂರು ಎಂಬುದನ್ನು ನೆನೆದಾಗಲೆಲ್ಲ, ಕನ್ನಡ ಬಲ್ಲ ನಮಗೆ, ತಗಡಿನ ಕೆಲಸಕ್ಕೆ ಇದಕ್ಕಿಂತ ಒಪ್ಪುವ ಊರು ಬೇರೆ ಯಾವುದಿದ್ದೀತು ಎಂದು ನಗು ಬರುವುದುಂಟು. ಇದು ವಿನೋದವೇ ಹೊರತು ವ್ಯುತ್ಪತ್ತಿಯಲ್ಲ.

ಕಬ್ಬಿಣದ ನಂಟು ಮಾತ್ರ ವಿನೋದವಲ್ಲ. ಸೇಲಮಿನ ಪಕ್ಕದ ಕಂಜಮಲೆಯ ಅದಿರನ್ನು ನಂಬಿ 1830ರ ದಶಕದಲ್ಲಿ ಹೀತ್ ಎಂಬ ಇಂಗ್ಲಿಷರವನು ಪೋರ್ಟೋ ನೊವೊದಲ್ಲಿ ಕಾರ್ಖಾನೆಯನ್ನು ನಡೆಸಿದ್ದನು. ಅದಕ್ಕೂ ಮುಂಚಿನಿಂದ ಹಳ್ಳಿಹಳ್ಳಿಗಳಲ್ಲಿ ಕುಲುಮೆಗಳಿದ್ದವು. ಲೋಹವನ್ನು ಕಂಡರೆ ಹೆದರದ ಕೈಗಳು ಇಲ್ಲಿ ಮೊದಲಿನಿಂದಲೂ ಇದ್ದವು ಎಂದಷ್ಟೇ ಹೇಳಿ ಮುಂದುವರಿಯುತ್ತೇವೆ.

ಜೀಪು ಹುಟ್ಟಿದ್ದು ಯುದ್ಧದಲ್ಲಿ. 1940ರಲ್ಲಿ ಅಮೆರಿಕದ ಸೈನ್ಯಕ್ಕಾಗಿ ಬಾಂಟಮ್ ಕಂಪನಿ ಮೊದಲ ಮಾದರಿಯನ್ನು ಮಾಡಿತು. ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಅದನ್ನು ಲಕ್ಷಗಟ್ಟಲೆ ತಯಾರಿಸಿದವು. ಯುದ್ಧ ಮುಗಿದ ಮೇಲೆ ಭಾರತದಲ್ಲಿ ಉಳಿದ ಸೈನ್ಯದ ಸಾಮಾನುಗಳು ಡಿಸ್ಪೋಸಲ್ಸ್ ಇಲಾಖೆಯ ಮೂಲಕ ಮಾರಾಟವಾದಾಗ ಜೀಪುಗಳೂ ಖಾಸಗಿಯವರ ಕೈಸೇರಿದವು. ಸ್ವತಂತ್ರ ಭಾರತದ ಮೊದಲ ದೊಡ್ಡ ಹಗರಣವೆಂದು ಹೆಸರಾದದ್ದೂ ದುರಸ್ತಿಮಾಡಿದ ಹಳೆಯ ಜೀಪುಗಳದ್ದೇ ಎಂಬುದನ್ನು ಇಂದಿನ ತರುಣರು ಅರಿಯರು. 1948ರಲ್ಲಿ ಲಂಡನ್ನಿನ ನಮ್ಮ ಹೈಕಮಿಷನರ್ ಕಚೇರಿ ಸುಮಾರು 80 ಲಕ್ಷ ರೂಪಾಯಿಯ ಒಪ್ಪಂದ ಮಾಡಿಕೊಂಡಿತು. ಬಂದಿಳಿದವು 155 ಜೀಪುಗಳು, ಅವೂ ಬಳಕೆಗೆ ಬಾರದಂಥವು. 1955ರಲ್ಲಿ ಸರ್ಕಾರ ಆ ಪ್ರಕರಣವನ್ನು ಮುಗಿಸಿತು. ಅಷ್ಟರೊಳಗೆ ಮುಂಬಯಿಯಲ್ಲಿ ಮಹೀಂದ್ರಾ ಕಂಪನಿಯವರು ವಿಲ್ಲಿಸ್ ಜೀಪನ್ನು ಜೋಡಿಸಿ ಮಾರುತ್ತಿದ್ದರು.

ನಮ್ಮ ಸೀಮೆಯ ಹಳ್ಳಿಗಳಿಗೆ ಜೀಪು ಬಂದದ್ದು ಸೈನ್ಯದ ವೇಷದಲ್ಲಲ್ಲ, ಅಭಿವೃದ್ಧಿಯ ವೇಷದಲ್ಲಿ. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾದ ಮೇಲೆ ಬ್ಲಾಕ್ ಅಧಿಕಾರಿಯೆಂದರೆ ಜೀಪು, ಜೀಪೆಂದರೆ ಬ್ಲಾಕ್ ಅಧಿಕಾರಿ ಎಂಬಂತಾಯಿತು. ಮಲೇರಿಯಾ ನಿರ್ಮೂಲನೆಯವರು, ಆರೋಗ್ಯ ಕೇಂದ್ರದವರು, ಅರಣ್ಯದವರು, ಪೊಲೀಸರು ಎಲ್ಲರಿಗೂ ಅದೇ ವಾಹನ. ಧರ್ಮಪುರಿ ಆಗಿನ್ನೂ ಸೇಲಂ ಜಿಲ್ಲೆಯ ಭಾಗವಾಗಿತ್ತು. ಬೇರೆ ಜಿಲ್ಲೆಯಾದದ್ದು 1965ರ ಅಕ್ಟೋಬರ್ 2ರಂದು. ಕನ್ನಡಿಗರು ಹೆಚ್ಚಾಗಿರುವ ದೇಂಕಣಿಕೋಟೆ, ತಳಿ, ಅಂಚೆಟ್ಟಿಯ ಕಡೆ 2004ರ ಫೆಬ್ರವರಿಯವರೆಗೆ, ಅಂದರೆ ಕೃಷ್ಣಗಿರಿ ಜಿಲ್ಲೆಯಾಗುವವರೆಗೆ, ಧರ್ಮಪುರಿಯಲ್ಲೇ ಇತ್ತು. ಏರ್ಕಾಡಿನ ಕಾಫಿ ತೋಟಗಳು, ಕಲ್ವರಾಯನ ಬೆಟ್ಟ, ಸಿತ್ತೇರಿ, ಮೇಟೂರಿನಾಚೆಯ ಪಾಲಮಲೆ, ಪೆನ್ನಾಗರಂ ಕಾಡು, ಇವೆಲ್ಲವನ್ನೂ ಒಂದೇ ಕಣ್ಣಳತೆಯಲ್ಲಿ ನೆನೆದರೆ, ನಾಲ್ಕೂ ಗಾಲಿಗೆ ಬಲ ಹರಿಯುವ ಬಂಡಿಯ ಬೆಲೆ ತಾನಾಗಿ ತಿಳಿಯುತ್ತದೆ.

ಸರ್ಕಾರಿ ಜೀಪಿಗೆ ಆಯುಷ್ಯ ಮುಗಿದಾಗ ಅದನ್ನು ‘ಕಂಡಂ’ ಮಾಡಿ ಹರಾಜಿಗಿಡುತ್ತಿದ್ದರು. 1970ರ ದಶಕದ ಕೊನೆಯಲ್ಲಿ ನಮ್ಮ ತಂದೆಯವರು ಅಂಥದೊಂದನ್ನು ಕೊಂಡು, ಎತ್ತಿನ ಗಾಡಿಗೆ ಕಟ್ಟಿ ಎಳೆಯಿಸಿಕೊಂಡು ಪೆನ್ನಾಗರಂ ಬಳಿಯ ಮನೆಗೆ ತಂದರು. ಬ್ಯಾಟರಿ ಇರಲಿಲ್ಲ, ಮುಂದಿನ ಒಂದು ಗಾಲಿ ಇರಲಿಲ್ಲ, ಸೀಟಿನಡಿ ಇಲಿ ಗೂಡು ಕಟ್ಟಿತ್ತು. ನಮ್ಮ ಅಜ್ಜಿಯವರು ಮೂರು ದಿನ ಅದರ ಕಡೆ ತಿರುಗಿ ನೋಡಲಿಲ್ಲ. ನಾಲ್ಕನೆಯ ದಿನ ಅದರ ಬಾನೆಟ್ಟಿನ ಮೇಲೆ ಸಂಡಿಗೆ ಒಣಹಾಕಿದರು.

ಅದರ ಮೂಲ ಎಂಜಿನ್ ಪೆಟ್ರೋಲಿನದು, 2.2 ಲೀಟರಿನ ನಾಲ್ಕು ಸಿಲಿಂಡರಿನದು. ಗಟ್ಟಿಯಾದದ್ದು, ಸರಳವಾದದ್ದು, ಬಿಚ್ಚಿದರೆ ಒಳಗಿರುವುದೆಲ್ಲ ಕಣ್ಣಿಗೆ ಕಾಣುವಂಥದ್ದು. ಆದರೆ 1973ರ ತೈಲ ಬಿಕ್ಕಟ್ಟಿನ ನಂತರ ಪೆಟ್ರೋಲು ಹಾಕಿ ಜೀಪು ಓಡಿಸುವುದು ರೈತರ ಕೈಗೆ ಮೀರಿದ ಮಾತಾಯಿತು. ಈ ವೃತ್ತಾಂತದ ತಿರುವು ಇರುವುದು ಇಲ್ಲಿಯೇ. ಪೆಟ್ರೋಲ್ ಎಂಜಿನ್ನನ್ನು ಕೆಳಗಿಳಿಸಿ ಅದರ ಜಾಗದಲ್ಲಿ ಡೀಸೆಲ್ ಎಂಜಿನ್ ಕೂರಿಸುವ ವಿದ್ಯೆಯನ್ನು ಯಾವ ಪಾಲಿಟೆಕ್ನಿಕ್ಕೂ ಕಲಿಸಲಿಲ್ಲ. ಪಟ್ಟರೆಗಳಲ್ಲಿ ಮೇಸ್ತ್ರಿಗಳು ಒಬ್ಬರನ್ನೊಬ್ಬರು ನೋಡಿ ಕಲಿತರು. ಮದರಾಸಿನ ಸಿಂಪ್ಸನ್ ಕಂಪನಿ ತಯಾರಿಸುತ್ತಿದ್ದ ಪರ್ಕಿನ್ಸ್, ಟೆಂಪೋ ಮಟಾಡೋರ್ ವ್ಯಾನಿನದು, ಇಂಟರ್‌ನ್ಯಾಷನಲ್ ಟ್ರಾಕ್ಟರಿನದು, ಹೀಗೆ ಯಾವುದು ಸಿಕ್ಕಿತೋ ಅದು. ಟ್ರಾಕ್ಟರಿನ ಎಂಜಿನ್ನಿಗೊಂದು ಅನುಕೂಲವಿತ್ತು: ಬಿಡಿಭಾಗಗಳು ಸಂತೆಯೂರಿನಲ್ಲೂ ಸಿಗುತ್ತಿದ್ದವು.

ಎಂಜಿನ್ ಕೂರಿಸುವುದೆಂದರೆ ಎತ್ತಿ ಇಡುವುದಲ್ಲ. ಹೊಸ ಎಂಜಿನ್ನಿನ ಬೆನ್ನಿಗೂ ಹಳೆಯ ಗೇರ್‌ಬಾಕ್ಸಿನ ಮುಖಕ್ಕೂ ಬೋಲ್ಟಿನ ತೂತುಗಳು ಹೊಂದುವುದಿಲ್ಲ. ನಡುವೆ ದಪ್ಪ ಉಕ್ಕಿನ ಫಲಕವೊಂದನ್ನು ಲೇತಿನಲ್ಲಿ ಕಡೆದು ಕೂರಿಸಬೇಕು. ಎರಡರ ಮಧ್ಯರೇಖೆ ಕೂದಲೆಳೆಯಷ್ಟು ತಪ್ಪಿದರೂ ಕ್ಲಚ್ ಪ್ಲೇಟು ತಿಂಗಳೊಳಗೆ ಹೋಗುತ್ತದೆ. ಡೀಸೆಲ್ ಎಂಜಿನ್ ಭಾರ. ಮುಂದಿನ ಸ್ಪ್ರಿಂಗ್ ಪಟ್ಟಿಗಳಿಗೆ ಇನ್ನೊಂದೆರಡು ಸೇರಿಸದಿದ್ದರೆ ಜೀಪು ಮೂತಿ ತಗ್ಗಿಸಿ ನಿಲ್ಲುತ್ತದೆ. “ಯಜಮಾನ್ರೇ, ಎಂಜಿನ್ ಕೂರುತ್ತೆ, ರೇಡಿಯೇಟರ್ ಜಾಗ ಬಿಡಲ್ಲ” ಎಂದು ಮೇಸ್ತ್ರಿಯವರು ಹೇಳಿದ್ದು ನಮಗಿನ್ನೂ ನೆನಪಿದೆ. ರೇಡಿಯೇಟರನ್ನು ಎರಡಂಗುಲ ಮುಂದೆ ಸರಿಸಲು ಒಂದು ವಾರ ಹಿಡಿಯಿತು.

ಗಾಲಿಯ ಕಡೆಗೂ ಲೆಕ್ಕವಿದೆ. ಹಳೆಯ ಜೀಪಿನ ಡಿಫರೆನ್ಷಿಯಲ್‌ನ ಹಲ್ಲಿನ ಅನುಪಾತ 5.38. ಮೊದಲ ಗೇರಿನ ಸುಮಾರು 2.8, ತಗ್ಗು ಗೇರಿನ 2.46 ಸೇರಿಸಿ ಗುಣಿಸಿದರೆ, ಎಂಜಿನ್ 37 ಸುತ್ತು ತಿರುಗಿದಾಗ ಗಾಲಿ ಒಂದು ಸುತ್ತು ತಿರುಗುತ್ತದೆ. ಬೆಟ್ಟಕ್ಕೆ ಇದು ವರ. ಆದರೆ ನಿಧಾನವಾಗಿ ತಿರುಗುವ ಡೀಸೆಲ್ ಎಂಜಿನ್ನಿಗೆ ಇದೇ ಹಲ್ಲು ಸಮತಟ್ಟು ರಸ್ತೆಯಲ್ಲಿ ಶಾಪ. ಸದ್ದು ಮುಗಿಲು ಮುಟ್ಟುತ್ತದೆ, ವೇಗ ಮಾತ್ರ ಬರುವುದಿಲ್ಲ. ಆದ್ದರಿಂದ ಅನೇಕರು ಕ್ರೌನ್-ಪಿನಿಯನ್ನನ್ನೂ ಬದಲಿಸಿದರು. ನಮ್ಮ ತಂದೆಯವರು ಬದಲಿಸಲಿಲ್ಲ. ಧರ್ಮಪುರಿಗೆ ಬೇಗ ಹೋಗಿ ಆಗಬೇಕಾದ್ದೇನು ಎಂಬುದು ಅವರ ವಾದ.

ಬ್ರೇಕಿನ ವಿಚಾರದಲ್ಲಿ ಮಾತ್ರ ಅವರು ಹಟ ಮಾಡಲಿಲ್ಲ. ಬ್ರೇಕಿಗೆ ಬೂಸ್ಟರ್ ಕೂರಿಸಿದರೆ ಕಾಲಿನ ಶ್ರಮ ಉಳಿಯುತ್ತದೆ. ಆದರೆ ಬೂಸ್ಟರಿಗೆ ಬೇಕಾದ ನಿರ್ವಾತ ಪೆಟ್ರೋಲ್ ಎಂಜಿನ್ನಿನಲ್ಲಿ ತಾನಾಗಿ ಸಿಗುತ್ತದೆ, ಡೀಸೆಲಿನಲ್ಲಿ ಸಿಗುವುದಿಲ್ಲ. ಅದಕ್ಕೆ ಆಲ್ಟರ್ನೇಟರಿನ ಹಿಂಬದಿಯಲ್ಲಿ ಸಣ್ಣ ಪಂಪು ಬೇಕು. ಇದನ್ನು ತಿಳಿಯದೆ ಬೂಸ್ಟರ್ ಕೂರಿಸಿ, ಇಳಿಜಾರಿನಲ್ಲಿ ಪೆಡಲು ಕಲ್ಲಾದಾಗ ಕಂಗೆಟ್ಟವರಲ್ಲಿ ನಾವೂ ಇದ್ದೇವೆ. ಬೇಲಿಯೊಂದು ನಮ್ಮನ್ನು ಕಾಪಾಡಿತು. 6 ವೋಲ್ಟಿನ ವಿದ್ಯುತ್ತನ್ನು 12 ವೋಲ್ಟಿಗೆ ಏರಿಸಿದ್ದು ಆಮೇಲೆ.

ಇಂಥ ಕೆಲಸ ಇಲ್ಲಿ ಸಾಧ್ಯವಾದದ್ದಕ್ಕೆ ಕಾರಣ ಈ ಸೀಮೆಯ ಲಾರಿಗಳು. 1997ರವರೆಗೆ ಸೇಲಂ ಜಿಲ್ಲೆಯಲ್ಲೇ ಇದ್ದ ನಾಮಕ್ಕಲ್ ಲಾರಿ ಬಾಡಿ ಕಟ್ಟುವುದಕ್ಕೂ, ತಿರುಚೆಂಗೋಡು ಬೋರ್‌ವೆಲ್ ರಿಗ್ಗುಗಳಿಗೂ, ಸಂಕಗಿರಿ ಲಾರಿ ಮಾಲೀಕರಿಗೂ ದೇಶಕ್ಕೆಲ್ಲ ಹೆಸರಾದವು. ಲೇತು, ವೆಲ್ಡಿಂಗು, ಸ್ಪ್ರಿಂಗ್ ಪಟ್ಟಿಯ ಕುಲುಮೆ, ಗುಜರಿ ಅಂಗಡಿ ಎಲ್ಲವೂ ಒಂದು ದಿನದ ಪ್ರಯಾಣದೊಳಗೆ ಇದ್ದವು. ಮನೆಯಲ್ಲಿ ಬಿಚ್ಚಿದ್ದನ್ನು ಗೋಣಿಚೀಲದಲ್ಲಿ ಕಟ್ಟಿ ಬಸ್ಸಿನ ಮೇಲೆ ಹಾಕಿ ಸೇಲಮಿಗೆ ಒಯ್ದರೆ ಸಂಜೆಗೆ ಕಡೆದು ಕೊಡುತ್ತಿದ್ದರು.

ಹೀಗೆ ಎದ್ದು ನಿಂತ ಜೀಪು ಹಲಸು, ಹುಣಿಸೆ, ರಾಗಿ, ಮದುವೆಯ ದಿಬ್ಬಣ ಎಲ್ಲವನ್ನೂ ಹೊತ್ತಿತು. ಬೆಟ್ಟದ ಊರುಗಳಿಂದ ಹೆರಿಗೆಯ ಹೆಂಗಸರನ್ನು ಡೋಲಿಯಲ್ಲಿ ಹೊತ್ತು ಇಳಿಸಿ, ದಾರಿ ಸಿಕ್ಕಲ್ಲಿಂದ ಜೀಪಿಗೆ ಏರಿಸುತ್ತಿದ್ದರು. ನಮ್ಮ ಜೀಪಿನಲ್ಲೇ ಹುಟ್ಟಿದ ಕೂಸೊಂದು ಈಗ ಹೊಸೂರಿನಲ್ಲಿ ಕೆಲಸಕ್ಕಿದೆ. ಜೀಪೂ ಹತ್ತದ ಜಾಗಗಳು ಇಲ್ಲದಿಲ್ಲ; ಪೆನ್ನಾಗರಂ ಬಳಿಯ ಕೋಟೂರು ಬೆಟ್ಟಕ್ಕೆ ಚುನಾವಣೆಯ ಮತಯಂತ್ರಗಳು ಕತ್ತೆಯ ಮೇಲೆ ಹೋದದ್ದನ್ನು ಪತ್ರಿಕೆಗಳಲ್ಲಿ ಎಲ್ಲರೂ ಓದಿದ್ದಾರೆ. ಜೀಪಿನ ಸದ್ದು ಎಲ್ಲರಿಗೂ ಇಂಪಾಗಿತ್ತು ಎಂದು ಬರೆದರೆ ಅದು ಸುಳ್ಳಾದೀತು. 1992ರ ಜೂನಿನಲ್ಲಿ ಸಿತ್ತೇರಿಯ ಬುಡದ ವಾಚಾತಿಗೆ ಸರ್ಕಾರದ ವಾಹನಗಳು ನುಗ್ಗಿದ ದಿನವನ್ನೂ, 2011ರಲ್ಲಿ ಧರ್ಮಪುರಿ ನ್ಯಾಯಾಲಯ ಕೊಟ್ಟ ತೀರ್ಪನ್ನೂ ಈ ಜಿಲ್ಲೆ ಮರೆಯಲಾರದು.

ಈಗಿನ ಕಥೆ ಕಾನೂನಿನದು. ಮೋಟಾರು ವಾಹನ ಕಾಯಿದೆಯ 52ನೆಯ ವಿಧಿಯನ್ನು ಕುರಿತು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲವೆಂದು ಹೇಳಿತು. 2022ರ ಏಪ್ರಿಲಿನಿಂದ 15 ವರ್ಷ ಮೀರಿದ ಕಾರು, ಜೀಪುಗಳ ಮರುನೋಂದಣಿಯ ಶುಲ್ಕ 600ರಿಂದ 5000 ರೂಪಾಯಿಗೆ ಏರಿತು. 2023ರ ಏಪ್ರಿಲಿನಿಂದ 15 ವರ್ಷ ದಾಟಿದ ಸರ್ಕಾರಿ ವಾಹನಗಳು ಗುಜರಿ ಕೇಂದ್ರಕ್ಕೇ ಹೋಗಬೇಕು. ಹಾಗಾಗಿ ಹಳೆಯ ಜೀಪಿನ ಹರಾಜಿನ ಬಾಗಿಲು ಮುಚ್ಚಿತು. ಈ ನಿಯಮಗಳ ಹಿಂದೆ ರಸ್ತೆಯ ಸುರಕ್ಷತೆ, ಗಾಳಿಯ ಶುದ್ಧಿ ಎಂಬ ಒಳ್ಳೆಯ ಕಾರಣಗಳಿವೆ. ಬೇಲಿಗೆ ಗುದ್ದಿದ ನಾವು ಅದನ್ನು ಅಲ್ಲಗಳೆಯುವುದಿಲ್ಲ. ನಮಗೆ ನೋವಾಗುವುದು ಮತ್ತೊಂದು ನಿಯಮದಿಂದ. 2021ರ ಜುಲೈ ತಿಂಗಳಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ ವಾಹನಗಳಿಗೆ ವಿಂಟೇಜ್ ಎಂಬ ಗೌರವವನ್ನು ಕೊಟ್ಟಿತು. ಷರತ್ತು ಒಂದೇ: ಚಾಸಿಸ್, ಬಾಡಿ, ಎಂಜಿನ್ನುಗಳಲ್ಲಿ ಗಣನೀಯ ಬದಲಾವಣೆಯಾಗಿರಬಾರದು. ಬಂಗಲೆಯ ಷೆಡ್ಡಿನಲ್ಲಿ ಬಟ್ಟೆ ಹೊದ್ದು ಮಲಗಿದ ಕಾರು ಚರಿತ್ರೆಯಾಗುತ್ತದೆ. ಕಾಲಕಾಲಕ್ಕೆ ಎಂಜಿನ್ ಬದಲಿಸಿಕೊಂಡು ದುಡಿದದ್ದರಿಂದಲೇ ಬದುಕಿ ಉಳಿದ ಬೆಟ್ಟದ ಜೀಪು ಚರಿತ್ರೆಯಾಗುವುದಿಲ್ಲ.

ಕಳೆದ ವರ್ಷ ಕಚೇರಿಯೊಂದರಲ್ಲಿ ನಮ್ಮ ಕಾಗದಗಳನ್ನು ಹಿಂದಿರುಗಿಸಿದರು. ನೋಂದಣಿ ಪತ್ರದಲ್ಲಿ ಪೆಟ್ರೋಲು ಎಂದಿದೆ, ಬಾನೆಟ್ಟಿನಡಿ ಡೀಸೆಲಿದೆ. ಆ ಕಾಲದಲ್ಲಿ ಯಾರೂ ಬರೆಸಿಕೊಂಡಿರಲಿಲ್ಲ. ಮನೆಯವರಲ್ಲಿ ಎರಡು ಪಕ್ಷಗಳಾಗಿವೆ. ಗುಜರಿಗೆ ಕೊಡೋಣ ಎನ್ನುವವರು ಕೆಲವರು. ಮೂಲ ಎಂಜಿನ್ನನ್ನೇ ಮತ್ತೆ ಕೂರಿಸೋಣ ಎನ್ನುವವರು ನಾವು. ಅದನ್ನು ನಮ್ಮ ತಂದೆಯವರು ಮಾರಿರಲಿಲ್ಲ. ಗ್ರೀಸು ಬಳಿದು, ಗೋಣಿತಟ್ಟು ಸುತ್ತಿ, ಕೊಟ್ಟಿಗೆಯ ಅಟ್ಟದಡಿ ಇರಿಸಿದ್ದರು. ದೀಪಾವಳಿಯ ರಜೆಯಲ್ಲಿ ಅದನ್ನು ಹೊರಗೆಳೆದು ನೋಡಿದೆವು. ಬ್ಲಾಕಿನ ಮೇಲಿನ ಸಂಖ್ಯೆ ಇನ್ನೂ ಓದಲು ಬರುತ್ತದೆ. ಮೂರು ಸಿಲಿಂಡರು ಸರಾಗವಾಗಿವೆ. ನಾಲ್ಕನೆಯದರ ಪಿಸ್ಟನ್ ಕಚ್ಚಿಕೊಂಡಿದೆ. ಅದಕ್ಕೆ ಸೀಮೆಎಣ್ಣೆ ತುಂಬಿಸಿ ಇಟ್ಟಿದ್ದೇವೆ.